ತೆಗೆದ ಪಟ ತಿರುಗಿ ಕೊಟ್ಟಾಗ

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ತೆರಕಣಾಂಬಿ ಕಡೆಗಿದೆ. ಊರಲ್ಲಿ ಎರಡು ಕೇರಿ. ನಮ್ಮ ಮನೆಯಿಂದ ನನ್ನ ಗೆಳೆಯನ ಮನೆಗೆ ನಡೆದರೆ ಹತ್ತು ನಿಮಿಷ. ಆ ಹತ್ತು ನಿಮಿಷ ನಡೆಯುವುದಕ್ಕೆ ನನಗೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಆ ಕತೆಯನ್ನೇ ಇಲ್ಲಿ ಹೇಳುತ್ತೇನೆ.

ಅವನೂ ನಾನೂ ಊರಿನ ಸರ್ಕಾರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗೋಲಿ ಆಡಿದ್ದು, ಕೆರೆಯಲ್ಲಿ ಈಜಿದ್ದು, ಮಾವಿನಕಾಯಿ ಕದ್ದದ್ದು ಎಲ್ಲ ಒಟ್ಟಿಗೆ. ನಮ್ಮ ಮನೆಗೆ ಬಂದರೆ ಅವನು ಜಗಲಿಯವರೆಗೆ ಬರುತ್ತಿದ್ದ. ಒಳಗೆ ಬಾ ಎಂದು ಯಾರೂ ಅನ್ನುತ್ತಿರಲಿಲ್ಲ, ಅವನೂ ಕಾಯುತ್ತಿರಲಿಲ್ಲ. ಅವನ ಮನೆಗೆ ನಾನು ಹೋಗಿರಲೇ ಇಲ್ಲ. ಹೋಗಬೇಡ ಎಂದು ಯಾರೂ ಹೇಳಿದ್ದಿಲ್ಲ. ಹೇಳಬೇಕಾಗಿಯೇ ಇರಲಿಲ್ಲ.

ಮೈಸೂರಿನಲ್ಲಿ ಪತ್ರಿಕೋದ್ಯಮ ಓದುವಾಗ ಚಿಕ್ಕಮ್ಮನ ಹತ್ತಿರ ಸಾಲ ಮಾಡಿ ಒಂದು ಹಳೇ ಕ್ಯಾಮೆರಾ ತಗೊಂಡೆ. ರಜಕ್ಕೆ ಊರಿಗೆ ಬಂದಾಗ ಕೊರಳಿಗೆ ಹಾಕಿಕೊಂಡು ಓಡಾಡುವುದೇ ಒಂದು ಖುಷಿ. ಎಲ್ಲರೂ ಏನು ತೆಗೆಯುತ್ತಾರೋ ನಾನೂ ಅದನ್ನೇ ತೆಗೆದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು. ಬಂಡೀಪುರದ ರಸ್ತೆ ಬದಿಯ ಜಿಂಕೆ. ಮುಂಗಾರು ಹಿಡಿದ ಮೇಲೆ ಹೆದ್ದಾರಿಯ ಎರಡೂ ಕಡೆ ಅರಳುವ ಸೂರ್ಯಕಾಂತಿ.

ಸೂರ್ಯಕಾಂತಿ ಅರಳಿದಾಗ ನಮ್ಮ ಕಡೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಕೇರಳದ ಕಾರುಗಳು, ಬೆಂಗಳೂರಿನ ಕಾರುಗಳು ಸಾಲಾಗಿ ನಿಲ್ಲುತ್ತವೆ. ಜನ ಇಳಿದು ಹೊಲಕ್ಕೆ ನುಗ್ಗಿ ಸೆಲ್ಫಿ ತಗೊಳ್ಳುತ್ತಾರೆ. ಗಿಡ ಮುರಿದು ಸಾಕಾದ ರೈತರು ಈಗ ಹೊಲದ ಬದುವಿನಲ್ಲಿ ಕೂತು ತಲೆಗೆ ಇಷ್ಟು ಎಂದು ದುಡ್ಡು ಕೇಳುತ್ತಾರೆ. ಒಂದು ಸಲ ಹಾಗೆ ಕೂತಿದ್ದ ಅಣ್ಣನೊಬ್ಬ ನನ್ನನ್ನೂ ತಡೆದ. 'ನಾನು ಇಲ್ಲೇ ಪಕ್ಕದೂರವನು ಕಣಣ್ಣ' ಅಂದೆ. ಅವನು ಕ್ಯಾಮೆರಾ ನೋಡಿ, 'ಊರು ಯಾವುದಾದ್ರೇನು, ತಗೊಂಡೋಗೋದು ಒಂದೇ ತಾನೆ' ಅಂದ. ಆಗ ಸಿಟ್ಟು ಬಂತು. ಆ ಮಾತು ನನಗೆ ಅರ್ಥವಾಗುವುದಕ್ಕೆ ಒಂದು ವರ್ಷ ಹಿಡಿಯಿತು.

ಆ ವರ್ಷ ಕಾಲೇಜಿನಲ್ಲಿ 'ನಿಮ್ಮೂರಿನ ಜನ' ಎಂಬ ವಿಷಯ ಕೊಟ್ಟು ಫೋಟೊ ತರಲು ಹೇಳಿದರು. ಏನು ತೆಗೆಯುವುದು ಎಂದು ತಲೆ ಕೆಡಿಸಿಕೊಂಡು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಗೆಳೆಯ ಸಿಕ್ಕ. ಅವನ ಹೆಗಲಲ್ಲಿದ್ದ ಚೀಲದಿಂದ ದಮ್ಮಡಿಯ ಅಂಚು ಕಾಣುತ್ತಿತ್ತು.

'ಇದೇನೋ?' ಅಂದೆ.

'ಚರ್ಮ ಕಟ್ಟಿಸ್ಕೊ ಬಂದೆ. ನಾಳೆ ರಾತ್ರಿ ನಮ್ ತಾತನ ಕತೆ ಅದೆ. ಬತ್ತಿಯಾ?'

ಅವನ ತಾತ ನೀಲಗಾರರು ಎಂದು ನನಗೆ ಗೊತ್ತಾದದ್ದು ಅವತ್ತೇ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆ, ಕೇಳಿಯೇ ಇರಲಿಲ್ಲ.

ನೀಲಗಾರರೆಂದರೆ ಮಂಟೇಸ್ವಾಮಿ ಪರಂಪರೆಯ ಹಾಡುಗಾರರು. ಮಾದಪ್ಪನ ಕತೆ ಹೇಳುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಇದ್ದರೆ, ನೀಲಗಾರರ ಕೈಯಲ್ಲಿ ತಂಬೂರಿ, ಗಗ್ಗರ. ಹಿಮ್ಮೇಳಕ್ಕೆ ದಮ್ಮಡಿ, ತಾಳ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಹರಕೆ ಹೊತ್ತು ಮನೆಯ ಒಬ್ಬ ಮಗನನ್ನು ನೀಲಗಾರನಾಗಿ ಬಿಡುವ ಪದ್ಧತಿ ನಮ್ಮ ಚಾಮರಾಜನಗರ, ಮಂಡ್ಯ, ಮೈಸೂರು ಸೀಮೆಯಲ್ಲಿದೆ. ಈ ಕತೆ ಪುಸ್ತಕವಾಗಿಯೂ ಬಂದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದನೆಯಲ್ಲಿ 1997ರಲ್ಲಿ ಪ್ರಕಟವಾಯಿತು. ನಮ್ಮ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದೂ ಅದೇ ವರ್ಷ. ಇವೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅವತ್ತು ನನ್ನ ತಲೆಯಲ್ಲಿದ್ದದ್ದು ಒಂದೇ: ಒಳ್ಳೇ ಫೋಟೊ ಸಿಗುತ್ತದೆ.

ಮಾರನೇ ದಿನ ಸಂಜೆ ಆ ಕೇರಿಗೆ ಹೋದೆ. ಅಜ್ಜಿ ಓಡಿ ಬಂದು, 'ಬನ್ನಿ ಬುದ್ಧಿ, ಬನ್ನಿ ಬುದ್ಧಿ' ಅಂದರು. ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿದರು. ಮಿಕ್ಕವರೆಲ್ಲ ಚಾಪೆಯ ಮೇಲೆ, ನಾನೊಬ್ಬ ಕುರ್ಚಿಯ ಮೇಲೆ. ಮೊಮ್ಮಗನ ವಾರಿಗೆಯ ನನಗೆ ಎಪ್ಪತ್ತು ದಾಟಿದ ಅಜ್ಜಿ ಬುದ್ಧಿ ಅನ್ನುತ್ತಿದ್ದರು. ನಾನು ಕೂತುಕೊಂಡೆ. ಒಂದು ಹುಡುಗನನ್ನು ಅಂಗಡಿಗೆ ಓಡಿಸಿ ನನಗೆ ಒಂದು ಬಾಟಲಿ ಜ್ಯೂಸು ತರಿಸಿದರು. ಉಳಿದವರಿಗೆಲ್ಲ ಟೀ. ನನಗೆ ವಿಶೇಷ ಉಪಚಾರ ಎಂದುಕೊಂಡು ಕುಡಿದೆ.

ಕತೆ ಶುರುವಾಯಿತು. ಅವತ್ತು ಹಾಡಿದ್ದು ಸಿದ್ದಪ್ಪಾಜಿಯ ಭಾಗ. ಕುಲುಮೆ ಕೆಲಸದ ಮನೆಯ ಕೆಂಪಾಚಾರಿ ಮಂಟೇಸ್ವಾಮಿಯ ಶಿಷ್ಯನಾಗಿ ಸಿದ್ದಪ್ಪಾಜಿ ಆಗುವುದು, ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗುವುದು, ಅಲ್ಲಿ ಅವನು ಪಡುವ ಪಾಡು. ತಾತ ಒಂದು ಕೈಯಲ್ಲಿ ತಂಬೂರಿ ಮೀಟುತ್ತ, ಇನ್ನೊಂದು ಕೈಯಲ್ಲಿ ಗಗ್ಗರ ಅಲುಗಿಸುತ್ತ ಹಾಡುತ್ತಿದ್ದರು. ನಡುನಡುವೆ ನಿಲ್ಲಿಸಿ ಮಾತಿನಲ್ಲಿ ಕತೆ ಹೇಳಿ ನಗಿಸುತ್ತಿದ್ದರು. ಕ್ಲಾಸಿನಲ್ಲಿ ತಲೆಯೆತ್ತಿ ಮಾತಾಡದ ನನ್ನ ಗೆಳೆಯ ದಮ್ಮಡಿ ಬಡಿಯುತ್ತ ತಾತನ ಮುಖ ನೋಡಿ ಸೊಲ್ಲು ಹಿಡಿಯುತ್ತಿದ್ದ. ಅವನು ಬೇರೆಯವನೇ ಆಗಿ ಕಂಡ.

ಬೆಳಗಿನ ಜಾವದವರೆಗೆ ಇದ್ದೆ. ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಒಂದು ಚೆನ್ನಾಗಿ ಬಂತು. ತಾತನ ಕಣ್ಣು ಮುಚ್ಚಿದೆ, ಗಗ್ಗರದ ಕೈ ಅಲುಗಿ ಹೊಗೆಯ ಹಾಗೆ ಕಾಣುತ್ತದೆ. ಕಾಲೇಜಿನ ಗೋಡೆಯ ಮೇಲೆ ಹಾಕಿದರು, ಎಲ್ಲರೂ ಬೆನ್ನು ತಟ್ಟಿದರು. ಫೇಸ್‌ಬುಕ್ಕಿನಲ್ಲಿ ಹಾಕಿದಾಗ ಸೂರ್ಯಕಾಂತಿಗೂ ಬಾರದಷ್ಟು ಲೈಕು ಬಂತು.

ಐದಾರು ತಿಂಗಳಾದ ಮೇಲೆ ಸಂತೆಯಲ್ಲಿ ತಾತ ಸಿಕ್ಕರು. ಕೈಯಲ್ಲಿ ಈರುಳ್ಳಿ ಚೀಲ.

'ಅವತ್ತು ಪಟ ತಗುದ್ರಲ್ಲ ಬುದ್ಧಿ, ಎಲ್ಲದು?'

ಫೋನು ತೆಗೆದು ತೋರಿಸಹೋದೆ. ಬಿಸಿಲಿಗೆ ಅವರಿಗೆ ಏನೂ ಕಾಣಲಿಲ್ಲ. ಕೈಯಡ್ಡ ಹಿಡಿದು ನೋಡಿ, ಬಿಟ್ಟು, ನಿಧಾನವಾಗಿ ಹೇಳಿದರು. 'ಇಂದ್ಲಾಗೂ ಬಂದಿದ್ರು. ಒಬ್ರು ಟೇಪಿಗೆ ಹಾಡು ತುಂಬ್ಕೊಂಡೋದ್ರು. ಒಬ್ರು ಈಡಿಯೊ ಮಾಡ್ಕೊಂಡೋದ್ರು. ಓದೋರು ತಿರ್ಗ ಬರ್ನಿಲ್ಲ.'

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಈರುಳ್ಳಿ ಬೆಲೆ ಹೇಳುವ ಹಾಗೆ ಹೇಳಿದರು. ನನಗೆ ಸೂರ್ಯಕಾಂತಿ ಹೊಲದ ಅಣ್ಣ ನೆನಪಾದ. ತಗೊಂಡೋಗೋದು ಒಂದೇ ತಾನೆ.

ಅದೇ ಸಂಜೆ ಗುಂಡ್ಲುಪೇಟೆಯ ಒಂದು ಸ್ಟುಡಿಯೊಗೆ ಹೋಗಿ ಆ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೊ ಹುಡುಗ ನನ್ನದೇ ವಯಸ್ಸಿನವನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ತೆಗೆದೇ ಜೀವನ ಮಾಡುವವನು. ಫೋಟೊ ನೋಡಿ, 'ಚೆನ್ನಾಗದೆ ಕಣೋ. ಆದ್ರೆ ಫೋನಲ್ಲಿರೋದು ಪಟ ಅಲ್ಲ, ಗೋಡೆಗೆ ಬಂದ್ರೆನೇ ಪಟ' ಅಂದ. ಕಟ್ಟು ಹಾಕಿಸುವುದಕ್ಕೆ ದುಡ್ಡು ತಗೊಳ್ಳಲಿಲ್ಲ.

ಕಟ್ಟು ಹಾಕಿದ ಪಟ ಹಿಡಿದು ಎರಡನೇ ಸಲ ಆ ಕೇರಿಗೆ ಹೋದೆ. ತಾತ ಬಹಳ ಹೊತ್ತು ನೋಡಿದರು. ಅಜ್ಜಿ ನೋಡಿದರು. ನೋಡಿ, 'ನಾನೇ ಇಲ್ವಲ್ಲ' ಅಂದರು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟು, ಎಲೆ ಅಡಿಕೆ ಉಗುಳಿ ಬಾಯಿ ಮುಕ್ಕಳಿಸಿ ಬಂದು ನಿಂತರು. 'ಈಗ ತಗೀರಿ.' ಪಕ್ಕದ ಮನೆಯವರೊಬ್ಬರು ತಮ್ಮ ಆಧಾರ್ ಕಾರ್ಡು ತಂದು ಅದರಲ್ಲಿದ್ದ ಕಪ್ಪು ಮುಖ ತೋರಿಸಿ, 'ಇದು ನಾನಾ ಏಳಿ ಬುದ್ಧಿ?' ಅಂದರು. ಆ ಕೇರಿಯ ಎಷ್ಟೋ ಹಿರಿಯರಿಗೆ ಕಾರ್ಡಿನ ಫೋಟೊ ಬಿಟ್ಟರೆ ಬೇರೆ ಫೋಟೊ ಇರಲಿಲ್ಲ. ಅವತ್ತು ಹದಿನೇಳು ಜನರ ಪಟ ತೆಗೆದೆ. ತೆಗೆದದ್ದನ್ನು ಕೊಡಲು ಮೂರನೇ ಸಲ ಹೋದೆ. ಆಗ ಇನ್ನಷ್ಟು ಜನ ಕಾದಿದ್ದರು. ನಾಲ್ಕನೇ ಸಲ ಹೋದೆ.

ಹೀಗೆ ಒಂದು ವಿಷಯ ಕಲಿತೆ. ಪಟ ತೆಗೆಯುವುದಕ್ಕೆ ಒಂದು ಸಲ ಹೋದರೆ ಸಾಕು. ಕೊಡುವುದಕ್ಕೆ ಇನ್ನೊಂದು ಸಲ ಹೋಗಲೇಬೇಕು. ಜನ ನನ್ನ ಜೊತೆ ಮಾತಾಡಿದ್ದು ಆ ಇನ್ನೊಂದು ಸಲದಲ್ಲಿ.

ನಾಲ್ಕನೇ ಸಲವೋ ಐದನೇ ಸಲವೋ ಅಂಗಡಿಯ ಬಾಟಲಿ ಬಂದಾಗ, 'ಅಜ್ಜಿ, ನನಗೂ ಟೀನೇ ಕೊಡಿ' ಅಂದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಗೆಳೆಯ ನೆಲ ನೋಡಿದ. ಅಜ್ಜಿ ಕೇಳಿದರು, 'ಕುಡೀತಿರಾ ಬುದ್ಧಿ?'

ಮೊದಲ ದಿನದ ಬಾಟಲಿ ಯಾಕೆ ಬಂದಿತ್ತು ಎಂದು ನನಗೆ ತಿಳಿದದ್ದು ಆಗ. ಅವರ ಒಲೆಯ ಮೇಲೆ ಕಾದದ್ದನ್ನು ನಮ್ಮ ಕೇರಿಯವನು ಕುಡಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕೂಲಿ ದುಡ್ಡಿನಲ್ಲಿ ಅಂಗಡಿಯಿಂದ ತರಿಸಿದ್ದರು. ನಾನು ಅದನ್ನು ಉಪಚಾರವೆಂದು ಕುಡಿದಿದ್ದೆ.

ಟೀ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಆಮೇಲೆ ನಾವು ಐದು ಜನ ಸೇರಿದೆವು. ದಮ್ಮಡಿಯ ಗೆಳೆಯ, ಸ್ಟುಡಿಯೊ ಹುಡುಗ, ಬಿ.ಎಡ್. ಓದುತ್ತಿದ್ದ ಒಬ್ಬ ಅಕ್ಕ, ಗೂಡ್ಸ್ ಆಟೊ ಓಡಿಸುವ ಅವರ ತಮ್ಮ, ನಾನು. ಸಂಘ ಅಲ್ಲ, ಹೆಸರಿಲ್ಲ, ಬೋರ್ಡಿಲ್ಲ. ಶನಿವಾರ ಸಂಜೆ ಸ್ಟುಡಿಯೊದ ಅರ್ಧ ಶಟರ್ ಎಳೆದು ಕೂರುತ್ತಿದ್ದೆವು. ಚಾಮರಾಜನಗರದಂಥ ಊರಿನಲ್ಲಿ ಶಾಂತಲಾ ಕಲಾವಿದರಂಥ ನಾಟಕದ ತಂಡವಿದೆ, ಹಾಡು ನಾಟಕ ಎಂದು ಆಸೆಯಿದ್ದವರಿಗೆ ಹೋಗಿ ಕೂರಲು ಒಂದು ಜಾಗವಿದೆ. ನಮ್ಮಂಥ ಹಳ್ಳಿಯವರಿಗೆ ಆ ಅರ್ಧ ಶಟರೇ ರಂಗಮಂದಿರ.

ಒಬ್ಬೊಬ್ಬರು ಒಂದೊಂದು ತಂದರು. ಅಕ್ಕ ತಾತನ ಹಾಡನ್ನು ಫೋನಿನಲ್ಲಿ ಹಿಡಿದು, ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದರು. ತಿಳಿಯದ ಮಾತು ಬಂದರೆ ಗೆರೆ ಎಳೆದು ಬಿಟ್ಟು, ಅಜ್ಜಿಯ ಹತ್ತಿರ ಕೇಳಿ ತುಂಬಿಸುತ್ತಿದ್ದರು. ನಾನು ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನು ತೋರಿಸಿದೆ. ದೇಶ ವಿದೇಶದ ಪತ್ರಿಕೆಗಳಿಗೆ ತೆಗೆದ ದೊಡ್ಡ ಛಾಯಾಗ್ರಾಹಕರು ಅವರು. ಆದರೂ ಅವರ ಕ್ಯಾಮೆರಾ ಹೆಚ್ಚು ತಿರುಗಿದ್ದು ಬೀದಿಯ ಮಕ್ಕಳ ಕಡೆ, ದುಡಿಯುವ ಜನರ ಕಡೆ. ಸ್ಟುಡಿಯೊ ಹುಡುಗ ಅವನ್ನೇ ನೋಡುತ್ತ, 'ನಮ್ ಕಡೆಗೆ ತೋಳುದ್ದ ಲೆನ್ಸು ತಕ್ಕಂಡು ಬರೋರೆಲ್ಲ ಹುಲಿ ಎಲ್ಲದೆ ಅಂತಾನೇ ಕೇಳದು' ಅಂದ. ಅಕ್ಕ ಇನ್ನೊಂದು ಪುಸ್ತಕ ತಂದರು. ಸಾಹಿತ್ಯ ಅಕಾಡೆಮಿ ಪ್ರಕಟಿಸಿದ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದು ಎಂದು ಅದರಲ್ಲಿ ಹಾಕಿದ್ದಾರೆ. ಗೆಳೆಯ ಆ ಹೆಸರಿನ ಮೇಲೆ ಬೆರಳಿಟ್ಟು, 'ಹಾಡ್ದೋರ ಹೆಸ್ರೂ ಹಾಕವ್ರೆ' ಅಂದ.

ಜಗಳವೂ ಆಯಿತು. ತಾತನ ಹಾಡಿನಲ್ಲಿ ಚೆನ್ನಾಗಿರುವ ಮೂರು ನಿಮಿಷ ಕತ್ತರಿಸಿ ಯೂಟ್ಯೂಬಿಗೆ ಹಾಕೋಣ ಎಂದು ನಾನು ಹಟ ಹಿಡಿದೆ. ಗೆಳೆಯ ಬೇಡ ಅಂದ. ಎರಡು ವಾರ ಮಾತು ಬಿಟ್ಟೆವು. ಕೊನೆಗೆ ತಾತನನ್ನೇ ಕೇಳಿದೆವು. ತಾತ ಅಂದರು, 'ಹಾಕದಾದ್ರೆ ಪೂರ್ತ ಹಾಕಿ. ಸಿದ್ದಪ್ಪಾಜಿನ ಹಲಗೂರ್ನಲ್ಲೇ ಬುಟ್ಬುಟ್ಟು ಬಂದೀರಾ?' ಕತೆಯ ಗುರುವನ್ನು ಕಷ್ಟದ ನಡುವೆ ಬಿಟ್ಟು ಎದ್ದು ಬರಬಾರದು ಎಂಬುದು ಅವರ ಲೆಕ್ಕ. ನಾವು ಆ ಭಾಗವನ್ನು ಪೂರ್ತಿ ಹಿಡಿದು ಮೆಮೊರಿ ಕಾರ್ಡಿಗೆ ಹಾಕಿ, ಮೊದಲು ಕೇರಿಯ ಮನೆಗಳಿಗೆ ಕೊಟ್ಟೆವು. ಯೂಟ್ಯೂಬು ಆಮೇಲೆ ನೋಡೋಣ ಅಂದುಕೊಂಡೆವು.

ಆ ಜನವರಿಯಲ್ಲಿ ಗೆಳೆಯ ನನ್ನನ್ನು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಜಾತ್ರೆಗೆ ಕರೆದುಕೊಂಡು ಹೋದ. ಸಿದ್ದಪ್ಪಾಜಿಯ ಜಾತ್ರೆ, ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸುತ್ತಾರೆ. ಜನ ಬಯಲಿನಲ್ಲಿ ಬಿಡಾರ ಹಾಕಿಕೊಂಡು ಇರುತ್ತಾರೆ. ನಾಲ್ಕನೇ ದಿನ ಪಂಕ್ತಿಸೇವೆ. ಯಾವ ಜಾತಿ ಎಂದು ನೋಡದೆ ಸಾಲಾಗಿ ಕೂತು ಉಣ್ಣುವುದು ಅಲ್ಲಿಯ ಪದ್ಧತಿ. ಅಜ್ಜಿಯ ಬಿಡಾರದಲ್ಲಿ, ಗೆಳೆಯನ ಪಕ್ಕದಲ್ಲಿ ಕೂತು ಮುದ್ದೆ ಸಾರು ಉಂಡೆ. ಕೈ ತೊಳೆಯುವಾಗ ಅವನು ಕೇಳಿದ.

'ಇಲ್ಲಿ ಆಯ್ತದೆ. ಊರಲ್ಲಿ ಯಾಕಾಗಲ್ಲ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಜಾತ್ರೆಯಿಂದ ಬಂದ ಮೇಲೆ ಒಂದು ಯೋಚನೆ ಮಾಡಿದೆವು. ಅಷ್ಟರಲ್ಲಿ ಎರಡೂ ಕೇರಿಯ ಜನರ ಪಟ ನಮ್ಮ ಹತ್ತಿರ ಇತ್ತು. ನಮ್ಮ ಕೇರಿಯವರೂ ಕೇಳಿ ತೆಗೆಸಿಕೊಂಡಿದ್ದರು. ಎಲ್ಲವನ್ನೂ ಒಂದು ರಾತ್ರಿ ಪರದೆಯ ಮೇಲೆ ತೋರಿಸೋಣ, ಜೊತೆಗೆ ತಾತ ಹಾಡಲಿ ಎಂದು. ಎಲ್ಲಿ ತೋರಿಸುವುದು? ನಮ್ಮ ಕೇರಿಯ ದೇವಸ್ಥಾನದ ಮುಂದೆ ಎಂದರೆ ಅವರು ಬರುವುದಿಲ್ಲ. ಅವರ ಕೇರಿಯಲ್ಲಿ ಎಂದರೆ ನಮ್ಮವರು ಬರುವುದಿಲ್ಲ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದ ಶಾಲೆಯ ಮೈದಾನವೇ ಗತಿಯಾಯಿತು.

ಪ್ರೊಜೆಕ್ಟರ್ ಬಾಡಿಗೆಗೆ ತಂದೆವು. ಸ್ಟುಡಿಯೊದ ಬಿಳಿ ಬಟ್ಟೆಯನ್ನು ಶಾಲೆಯ ಗೋಡೆಗೆ ಬಿಗಿದೆವು. ಆಟೊ ಮೇಲೆ ಮೈಕು ಕಟ್ಟಿ ಎರಡೂ ಕೇರಿಯಲ್ಲಿ ಕೂಗಿಕೊಂಡು ಬಂದೆವು. ಆ ಕೇರಿ ಇಡಿಯಾಗಿ ಬಂತು. ನಮ್ಮ ಕೇರಿಯಿಂದ ಬಂದವರು ಅರ್ಧಕ್ಕಿಂತ ಕಡಿಮೆ. ಹೆಚ್ಚಿನವರು ಮಕ್ಕಳು, ಹೆಂಗಸರು. ಬಂದವರು ಒಂದು ಕಡೆ, ಅವರು ಇನ್ನೊಂದು ಕಡೆ. ಮೈದಾನದ ನಡುವೆ ಒಂದು ದಾರಿಯಷ್ಟು ಜಾಗ ಖಾಲಿ. ಮಕ್ಕಳು ಮಾತ್ರ ಅಲ್ಲಿ ಓಡಾಡುತ್ತಿದ್ದವು. ಅವ್ವ ಬಂದಿದ್ದಳು. ಗೋಡೆ ಪಕ್ಕ, ಕತ್ತಲಲ್ಲಿ, ಸೆರಗು ಹೊದ್ದು ಕೂತಿದ್ದಳು.

ಒಬ್ಬೊಬ್ಬರ ಮುಖ ಪರದೆಯ ಮೇಲೆ ದೊಡ್ಡದಾಗಿ ಬಂದ ಹಾಗೆ ಎರಡೂ ಕಡೆಯಿಂದ ಕೂಗು, ನಗು. ಯಾರ ಮುಖ ಬಂದರೂ ಎರಡೂ ಕಡೆಯವರಿಗೆ ಗುರುತು. ಇಷ್ಟು ವರ್ಷ ಒಬ್ಬರನ್ನೊಬ್ಬರು ಅಷ್ಟು ಚೆನ್ನಾಗಿ ಬಲ್ಲವರು. ಅಜ್ಜಿ ರೇಷ್ಮೆ ಸೀರೆಯಲ್ಲಿ ಬಂದಾಗ ಶಿಳ್ಳೆ ಬಿತ್ತು. ಆಮೇಲೆ ತಾತ ತಂಬೂರಿ ಹಿಡಿದರು.

ಮಾರನೇ ಬೆಳಿಗ್ಗೆ ಅವ್ವ ಒಲೆ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ತನ್ನ ಪಾಡಿಗೆ ಗುನುಗುತ್ತಿದ್ದಳು. ಕಿವಿಗೊಟ್ಟೆ. ರಾತ್ರಿ ತಾತ ಹಾಡಿದ್ದರ ಸೊಲ್ಲು. ರಾತ್ರಿ ಹಾಡದೆ ಬಿಟ್ಟ ಸೊಲ್ಲೂ ಅವಳ ಬಾಯಲ್ಲಿ ಬರುತ್ತಿತ್ತು.

'ಅವ್ವ, ಇದು ನಿನಗೆ ಹೆಂಗೆ ಬತ್ತದೆ?'

'ಬರದೇ ಏನು? ನಾನು ಮದುವೆಯಾಗಿ ಬಂದಾಗ ಆವಯ್ಯ ಸುಗ್ಗೀಲಿ ನಮ್ಮನೆ ಬಾಗ್ಲಿಗೆ ಬಂದು ಹಾಡ್ತಿದ್ದ. ಒಂದು ಮೊರ ರಾಗಿ ನೀಡ್ತಿದ್ದೆ. ನಾನು ಹೊಸಬಳು, ತವರು ನೆಪ್ಪಾಗಿ ಅಳ್ತಿದ್ದೆ. ಹಾಡು ಕೇಳಿದ್ರೆ ಒಸಿ ಸಮಾಧಾನ ಆಗದು.'

ಆ ಹಾಡು ನಮ್ಮ ಮನೆಯ ಒಲೆಯವರೆಗೂ ಬಂದಿತ್ತು. ಹಾಡಿದವರು ಬಾಗಿಲಲ್ಲೇ ನಿಂತಿದ್ದರು. ನಾನು ಕ್ಯಾಮೆರಾ ಹಿಡಿದು ಏನನ್ನೋ ಹೊಸದಾಗಿ ಜೋಡಿಸಿದೆ ಎಂದುಕೊಂಡಿದ್ದೆ. ಜೋಡಿ ಮೊದಲೇ ಇತ್ತು, ಹೊಸಿಲು ದಾಟಿರಲಿಲ್ಲ ಅಷ್ಟೇ.

ಈಗಲೂ ಪೂರ್ತಿ ದಾಟಿಲ್ಲ. ಸುಳ್ಳು ಹೇಳಬಾರದು. ಗೆಳೆಯ ಬಂದರೆ ಇನ್ನೂ ಜಗಲಿಯಲ್ಲೇ ಕೂರುತ್ತಾನೆ. ಆದರೆ ಪರದೆಯ ರಾತ್ರಿಯಾದ ಎರಡು ವಾರಕ್ಕೆ ಅವ್ವ ಅವನಿಗೆ ಟೀ ತಂದಳು, ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ. ಅವನ ಮುಖ ನೋಡದೆ ಜಗಲಿಯ ಮೇಲಿಟ್ಟು, 'ತಾತ ಚೆನ್ನಾಗವ್ರಾ?' ಎಂದು ಕೇಳಿ ಒಳಗೆ ಹೋದಳು. ಒಳಕ್ಕೆ ಬಾ ಅನ್ನಲಿಲ್ಲ. ಲೋಟವನ್ನು ಬೇರೆ ಇಡಲೂ ಇಲ್ಲ. ನಾನು ಇನ್ನೂ ಆ ಮಾತಿಗೆ ಕಾಯುತ್ತಿದ್ದೇನೆ. ಕಾಯುವುದಷ್ಟೇ ಸಾಲದು, ನಾನೇ ಕರೆದುಕೊಂಡು ಒಳಗೆ ಹೋಗಬೇಕು ಎಂಬುದೂ ಗೊತ್ತು. ಆ ಧೈರ್ಯ ಇನ್ನೂ ಪೂರ್ತಿ ಬಂದಿಲ್ಲ.

ಇದನ್ನು ಓದುವ ನಿಮ್ಮ ಕೈಯಲ್ಲೂ ಕ್ಯಾಮೆರಾ ಇದೆ, ಫೋನಿನೊಳಗೆ. ನಿಮ್ಮೂರಿನಲ್ಲೂ ಹಾಡುವವರು, ಬಡಿಯುವವರು, ಕುಣಿಯುವವರು ಇರುತ್ತಾರೆ. ಅವರ ಪಟ ತೆಗೆಯಿರಿ. ತೆಗೆದದ್ದರಲ್ಲಿ ಒಂದನ್ನಾದರೂ ಪ್ರಿಂಟ್ ಹಾಕಿಸಿ ಅವರ ಮನೆಗೆ ತಗೊಂಡು ಹೋಗಿ. ಟೀ ಕೊಟ್ಟರೆ ಕುಡಿಯಿರಿ. ಕೊಡದಿದ್ದರೆ ಕೇಳಿ.

ಹೋದ ವಾರ ಆ ಕೇರಿಗೆ ಹೋಗಿದ್ದೆ. ಕುರ್ಚಿ ಬರಲಿಲ್ಲ. ಅಜ್ಜಿ ಕೂತಿದ್ದ ಚಾಪೆಯಲ್ಲೇ ಒಸಿ ಸರಿದು ಜಾಗ ಮಾಡಿದರು. ಅವರು ನನ್ನನ್ನು ಬುದ್ಧಿ ಅನ್ನುವುದು ಯಾವಾಗ ಬಿಟ್ಟರೋ ನಾನು ಗಮನಿಸಿರಲಿಲ್ಲ. ಅವತ್ತು ಕಿವಿಗೆ ಬಿತ್ತು.

'ಪಟ ತಂದ್ಯಾ ಕೂಸು?' ಅಂದರು.